ಬಾಗಿಲಿಗಿಟ್ಟ ಮೀನಿನ ತೊಟ್ಟಿ

“ಸದ್ದು ಮಾಡೋ ಪಂಪೇ ಬೇಕಾ ಸಾರ್?” ಅಂಗಡಿಯವನು ಎರಡನೇ ಸಲ ಕೇಳಿದ. “ಎಲ್ರೂ ಸದ್ದಿಲ್ಲದ್ದು ಕೇಳ್ತಾರೆ.”

“ನನಗ ಸಪ್ಪಳ ಮಾಡೋದ ಬೇಕ್ರೀ,” ಎಂದ ಗುರುಪಾದಪ್ಪ.

ಯಶವಂತಪುರದ ಆ ಅಂಗಡಿಯಲ್ಲಿ ಅವನು ಕೇಳಿದ್ದೆಲ್ಲ ವಿಚಿತ್ರವೇ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬೇಕು, ಆದರೆ ಹಿಂಬದಿಯ ಗಾಜಿಗೆ ಕಪ್ಪು ಬಣ್ಣ ಬಳಿದಿರಬೇಕು. ಸ್ಟ್ಯಾಂಡಿನ ಕೆಳಗೆ ಕಪಾಟು ಬೇಕು, ಕಪಾಟಿಗೆ ಹಿಂಬದಿ ಹಲಗೆ ಬೇಡ. ಮೀನು ಯಾವುದು ಕೊಡಲಿ ಎಂದರೆ, “ಯಾವುದರ ಕೊಡ್ರಿ” ಎಂದುಬಿಟ್ಟ.

“ಸದ್ದು ಮಾಡೋದೇ ಒಳ್ಳೇದು ಕಣ್ರೀ,” ಎಂದಿತು ಬೆನ್ನ ಹಿಂದಿನ ದನಿ. “ಮನೇಲಿ ಯಾರು ಕೆಮ್ಮಿದ್ರೂ ಹೊರಗೆ ಕೇಳಲ್ಲ.”

ಗುರುಪಾದಪ್ಪ ತಿರುಗಿ ನೋಡಿದ. ಆರ್.ಟಿ. ನಗರದಲ್ಲಿ ಅವನ ಮನೆಯ ಹಿಂದಿನ ಬೀದಿಯ ಪೊಲೀಸ್ ಇನ್‌ಸ್ಪೆಕ್ಟರ್ ಬ್ಯಾಟರಾಯಪ್ಪ, ಮೀನಿನ ಆಹಾರದ ಪೊಟ್ಟಣ ಹಿಡಿದು ನಿಂತಿದ್ದ.

“ಎಲ್ಲಿಡಿಸ್ತೀರಿ?”

“ಹಾಲ್‌ನ್ಯಾಗ್ರೀ. ಗೋಡಿಗೆ.”

“ಗೋಡೆಗೆ,” ಎಂದು ಇನ್‌ಸ್ಪೆಕ್ಟರ್ ಆ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದ. “ಕೂರಿಸೋಕೆ ಬೇರೆ ಯಾರನ್ನೂ ಕರೀಬೇಡಿ. ನಮ್ಮನೇದು ವಹಾಬ್ ಕೂರಿಸಿದ್ದು. ಭಾನುವಾರ ಅವನನ್ನೇ ಕಳಿಸ್ತೀನಿ. ಮಗ ಊರಲ್ಲಿಲ್ಲ, ಮನೇಲಿ ನಾವಿಬ್ರೇ. ಆ ತೊಟ್ಟಿ ಬಂದ್ಮೇಲೇನೇ ನನ್ ಹೆಂಡ್ತಿ ಸ್ವಲ್ಪ ನಿದ್ದೆ ಮಾಡ್ತಿರೋದು.”

ಬೇಡ ಎಂದರೆ ಸಂಶಯ ಬಂದೀತೆಂದು ಗುರುಪಾದಪ್ಪ ತಲೆಯಾಡಿಸಿದ.

ಅದು ತುರ್ತುಪರಿಸ್ಥಿತಿಯ ಎರಡನೇ ವರ್ಷ. ಗುರುಪಾದಪ್ಪ ಜಾಲಹಳ್ಳಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು, ವಿಜಾಪುರ ಕಡೆಯವನು. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚುವ ಮನೆತನ. ಅಂಥವನ ಮನೆಗೆ ಮೀನು ಬೇಕಾದದ್ದು ಹೆಂಡತಿಯ ತಮ್ಮ ಅಪ್ಪಾಸಾಹೇಬನಿಗಾಗಿ. ಕಾಲೇಜು ಮೇಷ್ಟರಾದ ಅಪ್ಪಾಸಾಹೇಬ ಸರ್ಕಾರದ ವಿರುದ್ಧ ಕರಪತ್ರ ಅಚ್ಚು ಹಾಕಿಸಿ, ಪೊಲೀಸರು ಬೆನ್ನು ಹತ್ತಿದಾಗ ಅಕ್ಕನ ಮನೆಗೆ ಓಡಿ ಬಂದಿದ್ದ. ಸಿಕ್ಕರೆ ಅವನಿಗೆ ಜೈಲು, ಭಾವನಿಗೂ ಜೈಲು, ಜೊತೆಗೆ ಕೆಲಸಕ್ಕೆ ಸಂಚಕಾರ.

ಹಾಲಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಅವನನ್ನು ಇಟ್ಟಿದ್ದರು. ಗುರುಪಾದಪ್ಪ ಅದರ ಕಿಟಕಿಗೆ ಇಟ್ಟಿಗೆ ಕಟ್ಟಿ, ಬಾಗಿಲಿಗೆ ಹಲಗೆ ಬಡಿದು, ಮೇಲೆ ಗೋಡೆಯ ಸುಣ್ಣವನ್ನೇ ಬಳಿದಿದ್ದ. ಒಬ್ಬ ತೆವಳುವಷ್ಟು ಜಾಗ ಮಾತ್ರ ಕೆಳಗೆ, ಕಪಾಟು ಬರುವಲ್ಲಿ, ತೆರೆದಿತ್ತು; ಅದಕ್ಕೂ ಸುಣ್ಣ ಬಳಿದ ಬಿಡಿ ಹಲಗೆಯೊಂದನ್ನು ಒರಗಿಸಿದ್ದ. ಅದರ ಮುಂದೆ ಬೀರು ಇಟ್ಟರೆ ಇಬ್ಬರು ಪೇದೆಗಳು ಸರಿಸಿಯಾರು. ನೀರು ತುಂಬಿದ ತೊಟ್ಟಿ ಅರ್ಧ ಟನ್ನು. ಅದನ್ನು ಅಲುಗಿಸುವ ಗಂಡು ಯಾರು? ಕೂರಿಸುವವನನ್ನು ಆರಿಸಲು ಅವನು ವಾರವಿಡೀ ಅಲೆದಿದ್ದ. ಹೆಬ್ಬಾಳದವನು ಪ್ರಶ್ನೆ ಜಾಸ್ತಿ ಕೇಳಿದ. ಅಟ್ಟೂರಿನವನಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಕೊನೆಗೆ ಹೆಸರಘಟ್ಟದ ಕಡೆಯ ಒಬ್ಬ ಕಿವುಡನನ್ನು ಗೊತ್ತು ಮಾಡಿ ಹಿಗ್ಗಿದ್ದ. ಈಗ ಎಲ್ಲ ಬಿಟ್ಟು ಇನ್‌ಸ್ಪೆಕ್ಟರನ ಮನುಷ್ಯ!

“ಅವಗ ಗೊತ್ತಾಗೇತ್ರಿ,” ಎಂದಳು ಹೆಂಡತಿ ಶರಣವ್ವ, ಕೇಳಿದ ಕೂಡಲೇ. “ಇಲ್ಲಾಂದ್ರ ಕೆಮ್ಮಿನ ಮಾತ್ಯಾಕ ತೆಗೀತಿದ್ದ? ತಮ್ಮಗ ಎಲ್ಲಿಗರ ಕಳಿಸೋಣು.”

“ಎಲ್ಲಿಗೆ ಕಳಸ್ತಿ? ರೈಲ್ವೆ ಸ್ಟೇಷನ್ನಿನ್ಯಾಗ ಅವನ ಫೋಟೊ ಹಚ್ಯಾರ. ವಹಾಬ್ ಬ್ಯಾಡ ಅಂದ್ರ ಇನ್ನಾ ಸಂಶೇ.”

ಭಾನುವಾರ ಬೆಳಿಗ್ಗೆ ವಹಾಬ್ ಬಂದ. ಗಾಡಿಯವರು ತೊಟ್ಟಿ ಇಳಿಸಿ ಹೋದ ಮೇಲೆ ಮುಂಬಾಗಿಲ ಚಿಲಕವನ್ನು ತಾನೇ ಹಾಕಿದ. ಮೊದಲು ಹಾಲನ್ನು ಹೆಜ್ಜೆಯಲ್ಲಿ ಅಳೆದ. ಆಮೇಲೆ ಹಿತ್ತಲಿಂದ ಹೊರಬಿದ್ದು ಮನೆಯ ಸುತ್ತ ಅಳೆದುಕೊಂಡು ಬಂದ.

“ಹೊರಗಿನ ಅಳತೆ ಜಾಸ್ತಿ ಇದೆಯಲ್ಲ ಸಾರ್?”

“ಗ್ವಾಡಿ ದಪ್ಪ ಅದಾವ್ರಿ.”

ವಹಾಬ್ ಬಾಗಿಲಿಗೆ ಬಡಿದ ಹಲಗೆಯ ಮೇಲೆ ಬೆರಳು ಮಡಿಚಿ ಕುಟ್ಟಿದ. ಟೊಳ್ಳು ಸದ್ದು. ಅದೇ ಗಳಿಗೆಗೆ ಒಳಗಿನಿಂದ ಕೆಮ್ಮು ಬಂತು. ಒಂದೇ ಒಂದು, ಅದೂ ಅದುಮಿಕೊಂಡದ್ದು. ಅಡುಗೆಮನೆಯಲ್ಲಿ ಶರಣವ್ವ ಕೂಡಲೇ ಜೋರಾಗಿ ಕೆಮ್ಮತೊಡಗಿದಳು.

“ಒಗ್ಗರಣಿ ಘಾಟರಿ,” ಎಂದಳು.

ವಹಾಬ್ ಅಡುಗೆಮನೆಯತ್ತ ಕತ್ತು ಚಾಚಿ ನೋಡಿದ. ಒಲೆಯೇ ಹೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬೇರೆ, ಇಲ್ಲಿ ಗಂಡ ಹೆಂಡತಿ ಇಬ್ಬರೂ ಕುಂಬಳಕಾಯಿ ಹೊತ್ತೇ ನಿಂತಂತಾಗಿತ್ತು.

ಸ್ಟ್ಯಾಂಡು ಕೂತಿತು, ತೊಟ್ಟಿ ಕೂತಿತು, ಪಂಪು ಗೊರ್ರೆಂದಿತು. ಇನ್ನೇನು ಮುಗಿಯಿತು ಎನ್ನುವಾಗ ವಹಾಬ್ ಚೀಲದಿಂದ ಬೈರಿಗೆ ತೆಗೆದು, ಕುರ್ಚಿ ಹತ್ತಿ, ಹಲಗೆಯ ಮೇಲ್ಭಾಗವನ್ನು ಕೊರೆಯತೊಡಗಿದ. ಮರದ ಹೊಟ್ಟು ಉದುರಿತು. ಒಂದು ತೂತಾಯಿತು. ವಹಾಬ್ ಅದಕ್ಕೆ ಕಣ್ಣಿಟ್ಟು ಒಳಗೆ ನೋಡಿದ.

ಗುರುಪಾದಪ್ಪ ಓಡಿ ಬಂದು ಅವನ ಕಾಲನ್ನೇ ತಬ್ಬಿಕೊಂಡ. ನಲವತ್ತು ದಿನ ಬಾಯಿ ಹೊಲಿದುಕೊಂಡಿದ್ದವನಿಗೆ ಈಗ ಅಳು ಬಂತು.

“ಬ್ಯಾಡಪ್ಪಾ, ಕೈ ಮುಗೀತೀನಿ. ಅಂವಾ ಯಾರಿಗೂ ಕೇಡು ಮಾಡಿಲ್ಲ. ನಿನ್ನ ಸಾಹೇಬಗ ಹೇಳಬ್ಯಾಡ.”

ವಹಾಬ್ ಬೈರಿಗೆಯನ್ನು ಒಂದು ಗೇಣು ಆಚೆ ಇಟ್ಟು ಎರಡನೇ ತೂತು ಶುರು ಮಾಡಿದ.

“ಗಾಳಿಗೆ ಸಾರ್,” ಎಂದ ಪಿಸುದನಿಯಲ್ಲಿ. “ಇನ್‌ಸ್ಪೆಕ್ಟರ್ ಸಾಹೇಬ್ರ ಮನೇಲಿ ಇದನ್ನ ಮರೆತುಬಿಟ್ಟಿದ್ದೆ, ತೊಟ್ಟಿ ಹಿಂದೆ ಅವರ ಮಗ ಎರಡು ದಿನ ಉಸಿರು ಕಟ್ಟಿ ಒದ್ದಾಡಿಬಿಟ್ಟ.”