ಸೋಸಿ ತೆಗೆದ ದನಿ

ಮೈಕುಗಳಿಗೆ ಬಾಯಿಯ ಮಾತಿನ ಜೊತೆ ಮನಸ್ಸಿನ ಮಾತೂ ಕೇಳತೊಡಗಿದ ಮೇಲೆ ಧಾರವಾಡದ ಆ ಪುಟ್ಟ ಬಾನುಲಿ ಕೇಂದ್ರದಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವ ಮಹಾನಂದಾಳಿಗೆ ಕೆಲಸ ಹೆಚ್ಚಿತ್ತು. ರಾಜಕಾರಣಿ ಬಂದರೆ ಕಿವಿ ಮಂದವಾದ ಹಳೇ ಮೈಕನ್ನು ತುಟಿಗೇ ತಾಗುವಂತೆ ಇಡುತ್ತಿದ್ದಳು. ಆದರೂ ಒಳಗಿನ ಮಾತನ್ನು ಸೋಸಿ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಮೆಲುದನಿಯವರಿಗೆ ಮಾತ್ರ ಚುರುಕು ಮೈಕು; ಅದು ಕೋಣೆಯಲ್ಲಿ ಕೂತವರೆಲ್ಲರ ಮನಸ್ಸನ್ನೂ ಹಿಡಿಯುತ್ತಿತ್ತು.

ಇಂದು ಬಂದಿದ್ದ ನೀಲವ್ವನದು ಮೆಲುದನಿ. ಲಕ್ವಾ ಹೊಡೆದು ಮಾತು ನಿಂತುಹೋಗಿದ್ದ ಗಂಡ ಗುರುಬಸಪ್ಪನನ್ನು ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು, ಅವನ ಆರೈಕೆಯ ಬಗ್ಗೆ ಮಾತಾಡುತ್ತಿದ್ದಳು.

"ಅವರದು ಊಟ ಆತಂದ್ರ ನನ್ನ ಹೊಟ್ಟಿ ತುಂಬಿದಂಗರೀ."

ಮಹಾನಂದಾಳ ಹೆಡ್‌ಫೋನಿನಲ್ಲಿ ಆ ಮಾತಿನ ಅಡಿಯಿಂದ ಗಂಡಸಿನ ದನಿಯೊಂದು ಎದ್ದಿತು: "ಸುಳ್ಳ. ಮುಂಜಾನಿಂದ ಆಕಿ ಏನೂ ತಿಂದಿಲ್ಲ. ಯಾರರ ಕೇಳ್ರೆಪಾ ಆಕಿನ್ನ."

ಗುರುಬಸಪ್ಪನ ತುಟಿ ಅಲುಗಿರಲಿಲ್ಲ.

ಬಾಯಿ ಆಡದ ಮಾತು ಪ್ರಸಾರವಾಗಬಾರದೆಂಬುದು ಕೇಂದ್ರದ ನಿಯಮ. ಮಹಾನಂದಾ ಎಂದಿನಂತೆ ಗುಂಡಿ ತಿರುಗಿಸಿ ಆ ದನಿಯನ್ನು ಸೋಸಿ ತೆಗೆದಳು. ರೆಕಾರ್ಡಿಂಗ್ ಮುಗಿದೊಡನೆ ತನ್ನ ಊಟದ ಡಬ್ಬಿಯನ್ನು ಅವರಿದ್ದ ಕೋಣೆಯೊಳಗೆ ಒಯ್ದು, ರೊಟ್ಟಿ, ಬದನೆಕಾಯಿ ಪಲ್ಯವನ್ನು ನೀಲವ್ವನ ಮುಂದೆ ಬಿಚ್ಚಿಟ್ಟಳು.

"ಅಯ್ಯ ನಮ್ಮವ್ವಾ, ನಾ ಎಲ್ಲಿ ಕೇಳಿದ್ದೆ?" ಎಂದು ನೀಲವ್ವ ಸಂಕೋಚಪಟ್ಟಳು.

"ನೀವಲ್ಲ ಬಿಡ್ರೀ," ಎಂದು ಮಹಾನಂದಾ ಮೈಕಿನ ವೈರು ಸುತ್ತತೊಡಗಿದಳು. "ಕೇಳಿದವರು ನಿಮ್ಮ ಬಾಜೂಕ ಅದಾರ."