ಐದು ಹಲ್ಲಿನ ಪರೀಕ್ಷೆ

ಡಾಕ್ಟರು ಏನೇ ಕೇಳಿದರೂ ಇಲ್ಲ ಎನ್ನುವುದೆಂದು ಸರಸಿಜಾ ಮೊದಲೇ ತೀರ್ಮಾನಿಸಿದ್ದಳು. ರೂಟ್ ಕೆನಾಲ್ ಮಾಡಿಸಿಕೊಂಡಿದ್ದ ನಾದಿನಿ ಹೆದರಿಸಿ ಕಳಿಸಿದ್ದಳು: “ನೋವು ಅಂದ್ರೋ, ಕೆಟ್ರಿ ಅತ್ತಿಗೆ. ಹಲ್ಲು ಕೊರೆದು ನರ ಎಳೀತಾರೆ.”

ಎರಡು ವಾರ, ಬಿಸಿ ಕಾಫಿ ಕುಡಿದರೆ ಅರ್ಧ ಗಂಟೆ ಕೆಳದವಡೆ ಸಿಡಿಯುತ್ತಿತ್ತು. ಮೂರು ದಿನದ ಹಿಂದೆ ನೋವು ತಾನಾಗಿ ನಿಂತಿತು. ಆದರೂ ಗಂಡ ಬಿಡದೆ ಕರೆತಂದಿದ್ದ.

“ತಣ್ಣನೆಯ ಹತ್ತೀನ ಒಂದೊಂದೇ ಹಲ್ಲಿಗೆ ಮುಟ್ಟಿಸ್ತೀನಿ. ತಣ್ಣಗೆ ಅನ್ನಿಸಿದ ಕೂಡಲೇ ಕೈ ಎತ್ತಿ,” ಎಂದರು ಡಾಕ್ಟರು.

ಐದು ಹಲ್ಲಿಗೆ ಮುಟ್ಟಿಸಿದರು. ಸರಸಿಜಾ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಳು. ಕೈ ಎತ್ತಲಿಲ್ಲ.

“ಒಂದಕ್ಕೂ ಗೊತ್ತಾಗಲಿಲ್ವಾ?”

“ಇಲ್ಲ ಡಾಕ್ಟ್ರೇ. ಎಲ್ಲಾ ವಾಸಿಯಾಗಿದೆ. ನಾನಿನ್ನು ಹೊರಡ್ಲಾ?”

“ಕೂತ್ಕೊಳ್ಳಿ. ಹಲ್ಲಿನೊಳಗಿನ ನರ ಬದುಕಿದ್ರೆ ತಣ್ಣಗೆ ಅನ್ನಿಸ್ಬೇಕು. ಅದು ಸತ್ರೆ ಎಷ್ಟೋ ಸಲ ನೋವೂ ನಿಂತುಹೋಗುತ್ತೆ, ಜನ ವಾಸಿಯಾಯ್ತು ಅಂದ್ಕೋತಾರೆ. ನೀವು ಹೇಳೋದು ನೋಡಿದ್ರೆ ಐದೂ ಸತ್ತಿರ್ಬೇಕು. ಐದಕ್ಕೂ ರೂಟ್ ಕೆನಾಲ್ ಮಾಡ್ಬೇಕಾಗುತ್ತೆ. ಎಕ್ಸ್‌ರೇ ತೆಗೆಯೋ ಮೊದಲು ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ.”

ಸರಸಿಜಾ ಮುಷ್ಟಿಯಲ್ಲಿದ್ದ ಸೆರಗನ್ನು ಬಿಟ್ಟಳು.

“ಸುಳ್ಳು ಹೇಳ್ಬಿಟ್ಟೆ ಡಾಕ್ಟ್ರೇ. ನಾಲ್ಕು ಹಲ್ಲು ಜುಮ್ ಅಂದ್ವು.”

“ಐದನೇದು?”

ಅವಳು ನಾಲಿಗೆಯ ತುದಿಯಿಂದ ಕೊನೆಯ ಹಲ್ಲನ್ನು ಮುಟ್ಟಿ ನೋಡಿಕೊಂಡಳು.

“ಅದೊಂದಕ್ಕೆ ಮಾತ್ರ ನಾನು ಸುಳ್ಳು ಹೇಳಿಲ್ಲ.”