ಎರಡು ದಿನದ ಆಡಿಟ್

"ಆಡಿಟ್‌ಗೆ ಎರಡು ದಿನ ಸಾಕು ಅಂತ ಬರೀರಿ," ಎಂದರು ಮ್ಯಾನೇಜರ್. "ಕ್ಲೈಂಟ್ ಕೆಳಗಡೆ ಕಾಯ್ತಾ ಇದಾರೆ."

"ಮೂರು ವಾರ ಬೇಕು ಸಾರ್," ಎಂದಳು ಮಂದಾಕಿನಿ.

ಲಿಫ್ಟ್ ನಡೆಸುವ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಒಪ್ಪಿಗೆಯಾದ ಆವೃತ್ತಿಯೇ ಲಿಫ್ಟಿಗೆ ಹೋಗಿದೆಯೇ, ಬ್ರೇಕಿನಿಂದ ಬಾಗಿಲಿನವರೆಗೆ ಪ್ರತಿಯೊಂದು ಸೆಟ್ಟಿಂಗೂ ಸರಿಯಿದೆಯೇ ಎಂದು ತಾಳೆ ನೋಡುವುದು ಅವಳ ಕೆಲಸ.

"ಬರೀ ಟಿಕ್ ಹಾಕೋಕೆ ಮೂರು ವಾರ ಏನ್ರೀ?"

ಅವಳಿಗೆ ಮೈ ಉರಿಯಿತು. "ಬರೀ ಟಿಕ್ ಹಾಕೋಕೆ ಎರಡು ನಿಮಿಷ ಸಾಕು ಸಾರ್. ನೋಡಿ ಟಿಕ್ ಹಾಕೋಕೆ ಮೂರು ವಾರ."

"ನನ್ನೆದುರೇ ಹಟ ಮಾಡ್ತೀರಾ? ಬೇರೆಯವರ ಕೈಲಿ ಬರೆಸ್ತೀನಿ."

"ಬರೆಸಿ. ನನ್ನ ಸಹಿ ಮಾತ್ರ ಬೀಳಲ್ಲ."

ಮ್ಯಾನೇಜರ್ ದುರುಗುಟ್ಟಿ ನೋಡಿ, ಕ್ಲೈಂಟನ್ನು ಕಾಣಲು ದಡದಡನೆ ಹೊರಟರು. ಅವಳೂ ಹಿಂದೆಯೇ ಹೋದಳು. ಏಳನೇ ಮಹಡಿಗೆ ಲಿಫ್ಟ್ ಬಂದು ಬಾಗಿಲು ತೆರೆಯಿತು. ಅವರು ಕಾಲಿಡುವಷ್ಟರಲ್ಲಿ ಅವಳೆಂದಳು:

"ಹೊಸ ಸಾಫ್ಟ್‌ವೇರನ್ನ ಮೊದಲು ನಮ್ಮ ಲಿಫ್ಟಿಗೇ ಹಾಕೋದು ವಾಡಿಕೆ ಅಲ್ವಾ ಸಾರ್? ಬೆಳಿಗ್ಗೆ ಹಾಕಿದಾರೆ. ಆಡಿಟ್ ಇನ್ನೂ ಆಗಿಲ್ಲ."

ಮಂಡಿನೋವಿನ ಮ್ಯಾನೇಜರ್ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.